ಹೋಟೆಲ್ ಗೋಡೆಯ ಸಮುದ್ರ

ಬೋರ್ಡು ಬರೆಯುವ ನಾನು ನಮ್ಮೂರು ವಾಡಿಯ ಹೋಟೆಲುಗಳ ಗೋಡೆ ತುಂಬ ಸಮುದ್ರ ಬರೆದೆ. ಕಣ್ಣಾರೆ ಒಮ್ಮೆಯೂ ಕಂಡಿರಲಿಲ್ಲ. ಕರಾವಳಿಗೆ ಕೊಟ್ಟ ಮಗಳು, ಕಡಲು ಹಿತ್ತಲಿಗೆ ಬಂದಿದೆ, ಬಂದು ನೋಡು ಎಂದು ಕರೆದಳು. ಇಷ್ಟು ಸಮುದ್ರ ಬರೆದವನಿಗೆ ನೋಡುವುದೇನಿದೆ ಎಂಬ ಸೊಕ್ಕಿನಿಂದ ಹೋಗಲಿಲ್ಲ. ಫೋನಿನಲ್ಲಿ ಕೇಳಿದ್ದನ್ನೇ ಗೋಡೆಗಿಳಿಸಿದೆ: ಬಿರುಗಾಳಿ, ಉರುಳಿದ ತೆಂಗು, ಅವಳ ಮನೆ, ಅದರ ಮುಂದೆ ನೆಲಕ್ಕೆ ಹಾಸುವ ನಮ್ಮ ಶಹಾಬಾದಿನ ಫರ್ಸಿ ಕಲ್ಲು ಪೇರಿಸಿದ ತಡೆಗೋಡೆ.

ಮನೆ ಕಡಲುಪಾಲಾದ ಮೇಲೆ ಮಗಳು ಊರಿಗೆ ಬಂದಳು, ಹೋಟೆಲಿನಲ್ಲಿ ಚಹಾಕ್ಕೆ ಕೂತು ಚಿತ್ರ ನೋಡಿದಳು.

"ಅಪ್ಪಾ, ಇದು ಹೊಲದ ಒಡ್ಡು. ಅಲ್ಲಿ ಆನಿಯಂಥ ಬಂಡಿಗಲ್ಲುಗಳೇ ಕೊಚ್ಚಿ ಹೋದ್ವು, ಈ ಫರ್ಸಿ ನಿಲ್ತಾವೇನು?"

ಹೋಟೆಲಿನವನು ನಕ್ಕ. "ಬಿಡ್ರಿ ಅಕ್ಕಾ, ಭಜಿ ತಿನ್ನೋ ಮಂದಿಗಿ ಸಮುದ್ರದ್ದೇನು ಗೊತ್ತಾಗ್ತದ?"

ಆ ಹಲ್ಕಟ್ ಮಾತಿಗೆ ನಾನೂ ನಕ್ಕೆ. ಮಗಳು ಚಹಾ ಬಿಟ್ಟು ಎದ್ದಳು. ನಾಚಿಕೆಗೇಡಿ ನಾನು, ಅವಳ ಹಿಂದೆ ಹೋಗದೆ ತೆರೆಗಳಿಗೆ ಬಿಳಿ ನೊರೆ ಹಚ್ಚುತ್ತ ನಿಂತೆ.