ಯಂತ್ರ ನನ್ನ ಹೆಸರು ಹಿಡಿದು ಕರೆಯಿತು

ಚಂದ್ರನ ಮೇಲೆ ನೀರಿದೆಯಂತೆ ಎಂದು ನಾನು ಪೇಪರ್ ಓದಿ ಹೇಳಿದಾಗ ಹೆಂಡತಿ ಗೌರವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ಹೌದೇನು? ಅಲ್ಲಿ ನಳ ಎಷ್ಟ ಗಂಟೇಕ ಬಿಡ್ತಾರಂತ ಕೇಳ್ರಿ."

ನಾನು ನಕ್ಕು, ಡಬ್ಬಿ ಹಿಡಿದು ಅಂಗಡಿಗೆ ಹೋದೆ. ಅದು ನಮ್ಮ ಮನೆಯ ಕೊನೆಯ ಮಾಮೂಲಿ ದಿನ. ಮರುದಿನ ನಸುಕಿನಲ್ಲಿ ಎದೆನೋವು ಎಂದಳು. ಆಟೋ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಈ ಅಂಕಣ ಓದುವವರಿಗೆ ಗೊತ್ತು, ನಾನು ವಿಜ್ಞಾನ ಓದಿದವನಲ್ಲ. ಗಾಂಧಿ ಚೌಕದ ಓಣಿಯಲ್ಲಿ ರೇಡಿಯೋ ಬಿಚ್ಚುತ್ತ ಶುರುಮಾಡಿದವನು, ಈಗ ಮೊಬೈಲ್ ಬಿಚ್ಚುತ್ತೇನೆ. (ಜೋಡಿಸಲೂ ಬರುತ್ತದೆ.) ಹೊಸ ಶೋಧ ಯಾವುದೇ ಇರಲಿ, ಮೊದಲು ಜಲನಗರದ ನಮ್ಮ ಅಡುಗೆಮನೆಯಲ್ಲಿ ಪಾಸಾಗಬೇಕಿತ್ತು, ಆಮೇಲೆ ಇಲ್ಲಿಗೆ. ಡ್ರೈವರ್ ಇಲ್ಲದ ಕಾರು ಬಂತು ಎಂದರೆ, ಎಮ್ಮೆ ಅಡ್ಡ ಬಂದಾಗ ಅದು ಬೈಯುವುದು ಹೇಗೆ ಎಂದು ಕೇಳಿದ್ದಳು. ಇದಕ್ಕೆ ಇಂದಿಗೂ ಉತ್ತರ ಸಿಕ್ಕಿಲ್ಲ.

ಈ ಎಂಟು ತಿಂಗಳು ನಾನು ಬರೆದದ್ದೆಲ್ಲ ಪರೀಕ್ಷೆಯಿಲ್ಲದೆ ಪಾಸಾದದ್ದು. ಸಪ್ಪೆ ಅನಿಸಿದ್ದರೆ ತಪ್ಪು ನಿಮ್ಮದಲ್ಲ.

ಹೋದ ರವಿವಾರ ತಿಕೋಟಾದಿಂದ ಗೌರವ್ವನ ತಂಗಿ ನೀಲವ್ವ ಬಂದಳು. ಜೊತೆಗೆ ಮಗಳು ಪೂಜಾ, ಬಬಲೇಶ್ವರದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ತೀರಿಹೋದವರ ದನಿಯಲ್ಲಿ ಮಾತಾಡುವ ಆ್ಯಪ್ ಬಂದಿದೆ, ದೊಡ್ಡಮ್ಮನ ವಾಯ್ಸ್ ಮೆಸೇಜುಗಳಿದ್ದರೆ ಸಾಕು ಎಂದಳು.

ಇದ್ದವು. ಗೌರವ್ವ ಟೈಪ್ ಮಾಡುವವಳಲ್ಲ. ಬೆಳ್ಳುಳ್ಳಿ ತರಲು ಹೇಳುವುದಕ್ಕೂ ವಾಯ್ಸ್ ಮೆಸೇಜೇ. ನಾನು ಒಂದನ್ನೂ ಅಳಿಸಿರಲಿಲ್ಲ. ಕೇಳಿಯೂ ಇರಲಿಲ್ಲ, ಧೈರ್ಯ ಸಾಲಿರಲಿಲ್ಲ. ಆದರೂ ಫೋನ್ ಕೊಟ್ಟೆ. ಆ ದನಿ ಮತ್ತೆ ಮನೆಯಲ್ಲಿ ಕೇಳುತ್ತದೆ ಎಂದರೆ ಬೇಡ ಅನ್ನುವವರು ಯಾರು?

ಪೂಜಾ ಅರ್ಧ ತಾಸು ಏನೇನೋ ಒತ್ತಿದಳು. ಯಾರೊಡನೆ ಮಾತಾಡಬೇಕು ಎಂದು ಆ್ಯಪ್ ಕೇಳಿದಾಗ ನನ್ನ ಹೆಸರು ತುಂಬಿದಳು. ಫೋನನ್ನು ನನ್ನ ಮುಂದಿಟ್ಟಳು.

"ಸೋಮಣ್ಣ, ಊಟ ಆಯಿತೇ? ಸೋಮವಾರ ಬೇಗ ಮನೆಗೆ ಬನ್ನಿ."

ಅದೇ ದನಿ. ಕೊನೆಯಲ್ಲಿ ತುಸು ಮೂಗಿನಿಂದ ಎಳೆಯುವುದೂ ಅದೇ. (ಆ 'ಬನ್ನಿ' ಮಾತ್ರ ಅವಳದಲ್ಲ. ಗೌರವ್ವನದು 'ಬರ್ರಿ'.)

ಮೊದಲು ಬಾಯಿಬಿಟ್ಟವಳು ನೀಲವ್ವ. "ಸತ್ತಮ್ಯಾಲೆ ನಮ್ಮಕ್ಕಗ ಭಾಳ ಧೈರ್ಯ ಬಂದೈತಿ ನೋಡ್ರಿ, ಮಾಮಾರ."

ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಗೌರವ್ವ ನಂಬಿದ್ದಳು. ಮದುವೆಯಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿದಾಗ ಗಂಡನ ಹೆಸರು ಸೇರಿಸಿ ಹೇಳುವ ಒಡಪಿನ ಪದ್ಯದೊಳಗೆ ಒಮ್ಮೆ ಹೇಳಿದ್ದಷ್ಟೇ. ಬ್ಯಾಂಕಿನಲ್ಲಿ ಯಜಮಾನರ ಹೆಸರೇನು ಎಂದರೆ ನನ್ನ ಆಧಾರ್ ಕಾರ್ಡಿನ ಮೇಲೆ ಬೆರಳಿಡುತ್ತಿದ್ದಳು. ನನ್ನ ಹೆಸರಿನ ಚೂರು ಸೇರಿದೆಯೆಂದು ಸೋಮವಾರ ಎಂದೂ ಅನ್ನುತ್ತಿರಲಿಲ್ಲ. ಅವಳಿಗೆ ಅದು ರವಿವಾರದ ಮರುದಿನ. ಬಾಯಿ ಬಿಡಿಸಲು ನಾನೂ ಬಹಳ ಕಾಡಿದ್ದೇನೆ. ರವಿವಾರದ ಮರುದಿನ ಎಂದರೆ ಯಾವ ವಾರ ಎಂದು ಕೇಳುತ್ತಿದ್ದೆ.

"ಮಂಗಳವಾರದ ಹಿಂದಿನ ದಿನ," ಅನ್ನುತ್ತಿದ್ದಳು.

ಹಾಗಿದ್ದರೆ ಆ್ಯಪಿಗೆ ಸೋಮವಾರ ಎಲ್ಲಿಂದ ಬಂತು ಎಂದು ಪೂಜಾಳನ್ನು ಕೇಳಿದೆ. ಮೆಸೇಜುಗಳಲ್ಲಿ ರವಿವಾರದ ಮರುದಿನ ಅಂತಲೇ ಇರಬೇಕಲ್ಲ?

"ತಪ್ಪ ಇದ್ದದ್ದನ್ನ ಅದು ತಾನ ತಿದ್ದಿಕೊಳ್ಳತೈತಿ, ದೊಡ್ಡಪ್ಪಾ."

"ಅದು ತಪ್ಪಲ್ಲ, ಪೂಜಾ. ಅದು ನಿಮ್ಮ ದೊಡ್ಡಮ್ಮ."

ಅವಳ ಮುಖ ಸಣ್ಣದಾಯಿತು. ಹೆಸರು ತೆಗೆಯಬಹುದು, ವಾರ ಬದಲಿಸಬಹುದು, ನಮ್ಮ ಕಡೆಯ ಮಾತು ಕಲಿಸಬಹುದು, ಎರಡು ದಿನ ಸಾಕು ಎಂದಳು. ನನಗೆ ಸಂಶಯವೇ ಇಲ್ಲ. ಅದು ಕಲಿಯುತ್ತದೆ. ರೇಡಿಯೋ ಕಾಲದಿಂದ ನೋಡುತ್ತ ಬಂದಿದ್ದೇನೆ, ಯಂತ್ರಗಳು ನಮಗಿಂತ ಬೇಗ ಕಲಿಯುತ್ತವೆ. ಹೆಸರು ಬಿಡುವುದನ್ನೂ ಕಲಿಯಲಿ. ಆದರೆ ನನ್ನ ಆಯುಷ್ಯಕ್ಕಾಗಿ ಹೆದರುವುದನ್ನು ಅದಕ್ಕೆ ಎಷ್ಟು ದಿನದಲ್ಲಿ ಕಲಿಸುತ್ತೀರಿ?

ಆ್ಯಪ್ ತೆಗೆಸಿದೆ. ಪೂಜಾಳಿಗೆ ಬೇಜಾರಾಗಬಾರದೆಂದು, ನಿಮ್ಮ ದೊಡ್ಡಮ್ಮನ ಪರೀಕ್ಷೆಯಲ್ಲಿ ಮೊದಲ ಸಲಕ್ಕೆ ಯಾರೂ ಪಾಸಾದವರಿಲ್ಲ ಎಂದೆ. ನೀಲವ್ವ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಬಸ್ಸಿಗೆ ಹೊರಟಳು.

ಇವತ್ತು ಬೆಳಿಗ್ಗೆ ಹಳೆಯ ಮೆಸೇಜೊಂದನ್ನು ಒತ್ತಿದೆ. "ರವಿವಾರದ ಮರುದಿನ ಲಗೂನ ಬರ್ರಿ. ಬಳ್ಳೊಳ್ಳಿ ತರ್ರಿ. ಹ್ವಾದ ಸಲದಂಥವು ಬ್ಯಾಡ." ಅಷ್ಟೇ ಇತ್ತು. ಮೂರು ಸಲ ಕೇಳಿದೆ.

ಇದನ್ನು ಸೋಮವಾರ ಬರೆಯುತ್ತಿದ್ದೇನೆ. ಸೋಮವಾರ ಅನ್ನದವಳು ಮನೆಯಲ್ಲಿಲ್ಲ.