ಸುಮ್ಮನಿದ್ದದ್ದೇ ಉತ್ತರ

೧೯೮೪ರ ಫೆಬ್ರುವರಿಯ ಒಂದು ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅನಸುಬಾಯಿ ಟೆಲೆಕ್ಸ್ ಯಂತ್ರದಿಂದ ಹರಿದ ಕಾಗದ ಹಿಡಿದು ಸುಣ್ಣದ ಕಲ್ಲಿನ ಗಣಿಯ ಅಂಚಿನಲ್ಲಿ ನಿಂತಿದ್ದಳು. ಎದುರಿಗೆ ಗಣಿಯ ಫೋರ್‌ಮನ್ ಕಾಶಪ್ಪ.

“ಏನಂತಾರವಾ ಬೊಂಬೈದವ್ರು?”

ವಾಡಿ ಸಮೀಪದ ಆ ಸಣ್ಣ ಸಿಮೆಂಟ್ ಕಾರ್ಖಾನೆ ಕೂಲಿಕಾರರ ಪಾಳಿಪಟ್ಟಿಯನ್ನು ಕಂಪ್ಯೂಟರಿಗೆ ಒಪ್ಪಿಸಿತ್ತು. ಪ್ರೋಗ್ರಾಂ ಬರೆಯುವವರು ಮುಂಬಯಿಯಲ್ಲಿ, ಯಂತ್ರ ಹೈದರಾಬಾದಿನಲ್ಲಿ, ಕಲ್ಲು ಒಡೆಯುವವರು ಇಲ್ಲಿ. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ನಡುವೆ ಇದ್ದದ್ದು ಟೆಲೆಕ್ಸ್, ಅದರ ಮುಂದೆ ಶಹಾಬಾದದಿಂದ ದಿನಾ ರೈಲಿಗೆ ಬರುವ ಅನಸುಬಾಯಿ. ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವವರ ಓಣಿಯಿಂದ ಕಚೇರಿಯ ಕುರ್ಚಿಗೆ ಬಂದ ಮೊದಲ ಹೆಣ್ಣುಮಗಳು.

ಅವಳು ಇಂಗ್ಲಿಷನ್ನು ಕನ್ನಡ ಮಾಡಿ ಓದಿದಳು. ಬದಲಿ ಕೂಲಿಯವರು ತಿಂಗಳಿಗೂ ಮೀರಿ ಬಾರದಿದ್ದರೆ ಯಂತ್ರವೇ ಅವರ ಹೆಸರು ತೆಗೆದುಹಾಕುತ್ತದೆ, ನಿಮ್ಮ ಅಭಿಪ್ರಾಯ ತಿಳಿಸಿ.

ಅವಳ ತಮ್ಮ ಅಂಬಾರಾಯ ಇನ್ನೂ ಕಾಯಂ ಆಗದ ಬದಲಿ ಕೂಲಿ. ಕಾಗಿಣಾ ಹೊಳೆ ದಾಟುವಾಗ ಸೈಕಲ್ಲಿನಿಂದ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಮಲಗಿದ್ದ. ಬಿದ್ದವನು ಎದ್ದು ಬರುವವರೆಗೆ ಅವನ ಜಾಗ ಅವನದೇ ಎಂಬುದು ಕಾಶಪ್ಪನ ಗಣಿಯ ರೂಢಿ.

ಕಾಶಪ್ಪ ಎಲೆಅಡಿಕೆ ಉಗುಳಿ, ಕಲ್ಲು ಪುಡಿ ಮಾಡುವ ಯಂತ್ರದ ಕಡೆ ನೋಡಿದ. ಬಹಳ ಹೊತ್ತಿನ ಮೇಲೆ, “ಚಾ ಕುಡದು ಹೋಗವಾ” ಎಂದ. ಅಷ್ಟೇ.

ಅನಸುಬಾಯಿಗೆ ನೆಮ್ಮದಿಯಾಯಿತು. ಒಲ್ಲದ ಮಾತಿಗೆ ಆ ಕಡೆ ಯಾರೂ ಮುಖದ ಮೇಲೆ ಒಲ್ಲೆ ಎನ್ನುವುದಿಲ್ಲ. ಸುಮ್ಮನಿರುತ್ತಾರೆ, ಮಾತು ತಾನೇ ಸಾಯುತ್ತದೆ. ಎರಡು ವರ್ಷದ ಹಿಂದೆ ದಂಡೋತಿಯ ವರನ ಕಡೆಯವರು ಅವಳನ್ನು ನೋಡಿ, ಅವಲಕ್ಕಿ ತಿಂದು ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ. ತಾಯಿ ಲಾಲಮ್ಮ ಯಾರನ್ನೂ ಕೇಳದೆ ಹಬ್ಬದ ಸೀರೆಯನ್ನು ಮಡಿಚಿ ಟ್ರಂಕಿನಲ್ಲಿಟ್ಟಿದ್ದಳು.

ಹೀಗಾಗಿ ಅವಳು ಉತ್ತರ ಕಳಿಸಲಿಲ್ಲ. ಕಾಶಪ್ಪ ಉತ್ತರ ಕೊಟ್ಟಾಗಿತ್ತಲ್ಲ.

ಮುಂಬಯಿಯಲ್ಲಿ ಮಾತ್ರ, ಆಕ್ಷೇಪಣೆ ಬಾರದ ಪ್ರಶ್ನೆಯ ಮುಂದೆ ಒಪ್ಪಿಗೆ ಎಂದು ಗುರುತು ಹಾಕುವ ರೂಢಿ.

ಪ್ಲಾಸ್ಟರ್ ಬಿಚ್ಚಿಸಿಕೊಂಡು ಅಂಬಾರಾಯ ಕೋಲೂರಿಕೊಂಡು ಗೇಟಿಗೆ ಬಂದಾಗ ಕಾವಲುಗಾರ ಅಬ್ದುಲ್ ಕರೀಮ್ ಹೊಸ ಪಟ್ಟಿಯನ್ನು ಎರಡು ಸಲ ನೋಡಿದ. “ನಿನ್ನ ಹೆಸರೇ ಇಲ್ಲಪಾ. ಮಶೀನ್ ತಿಂದದ ನೋಡು.”

ಅನಸುಬಾಯಿ ಹೈದರಾಬಾದಿಗೆ ಟೆಲೆಕ್ಸ್ ಹೊಡೆದಳು. ನಾವು ಯಂತ್ರ ನಡೆಸುವವರು, ಮುಂಬಯಿಗೆ ಕೇಳಿ ಎಂದು ಬಂತು. ಮುಂಬಯಿಯವರು ವಾರ ಬಿಟ್ಟು ಬರೆದರು: ನಿಮ್ಮ ಒಪ್ಪಿಗೆಯಂತೆಯೇ ಮಾಡಿದ್ದೇವೆ. ಒಪ್ಪಿಗೆ ಕೊಟ್ಟಿಲ್ಲವೆಂದು ಬರೆದಳು. ಬೇಡವೆಂದೂ ಹೇಳಲಿಲ್ಲವಲ್ಲ ಎಂದು ಇನ್ನೊಂದು ವಾರಕ್ಕೆ ಬಂತು.

“ನಾ ಹ್ಞೂಂ ಅಂದಿದ್ದೆನೇನು?” ಕಾಶಪ್ಪ ಕೂಗಾಡಿದ.

“ಇಲ್ರಿ ಕಾಕಾ.”

“ಮತ್ತ? ಓದಿದ ಮಂದಿಗಿ ಅಷ್ಟೂ ತಿಳಿಯಂಗಿಲ್ಲೇನು?”

ಪಟ್ಟಿಯಲ್ಲಿಲ್ಲದವನನ್ನು ಒಳಗೆ ಬಿಡುವ ಅಧಿಕಾರ ತನಗಿಲ್ಲವೆಂದು ಮ್ಯಾನೇಜರ್ ಕೈ ಚೆಲ್ಲಿದರು. ಮುಂಬಯಿಗೆ ಒಂದು ಟ್ರಂಕ್ ಕಾಲ್ ಮಾಡಲು ಮಾತ್ರ ಬಿಟ್ಟರು.

ಆ ತುದಿಯಲ್ಲಿ ಮಾತಾಡಿದವನು ಕೆಟ್ಟವನಲ್ಲ. ಅವಳು ದಖ್ಖನಿ ಹಿಂದಿಯಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ನಿಯಮ ಬದಲಿಸಿದರೆ ಪ್ರೋಗ್ರಾಂ ಪೂರ್ತಿ ಮತ್ತೆ ಪರೀಕ್ಷಿಸಬೇಕು ಎಂದ. ಆಮೇಲೆ, ಇಂಥ ಪ್ರಕರಣ ನಿಮ್ಮಲ್ಲಿ ಒಟ್ಟು ಎಷ್ಟಿವೆ ಎಂದು ಕೇಳಿದ. ಅವಳು ಹಾಜರಿಯನ್ನು ಮನಸ್ಸಿನಲ್ಲೇ ಓದಿಕೊಂಡು, ಇದ್ದದ್ದನ್ನು ಇದ್ದಂತೆ ಹೇಳಿದಳು. ಅವನು ಸುಮ್ಮನಾದ. ಆ ಸುಮ್ಮನಿರುವಿಕೆಯ ಅರ್ಥ ಅವಳಿಗೆ ಗೊತ್ತಿತ್ತು.

“ಇಪ್ಪತ್ತು ಮೂವತ್ತು ಅಂತ ಅನಬೇಕಿತ್ತಲ್ಲ, ಹುಚ್ಚಿ!” ಎಂದ ಕಾಶಪ್ಪ. ಅದು ಅವಳಿಗೆ ಹೊಳೆದೇ ಇರಲಿಲ್ಲ.

ಅಂಬಾರಾಯನ ಜಾಗಕ್ಕೆ ಬೇರೊಬ್ಬ ಬಂದ. ಅಂಬಾರಾಯ ಶಹಾಬಾದದ ಫರಸಿ ಅಂಗಳದಲ್ಲಿ ಕಲ್ಲಿಗೆ ಪಾಲಿಶ್ ಹಾಕಲು ನಿಂತ. ಇಡೀ ದಿನ ನೀರಿನಲ್ಲಿ ನಿಂತು ಕಾಲು ಬಾತು, ಮಳೆಗಾಲ ಮುಗಿಯುವ ಮೊದಲೇ ಅದನ್ನೂ ಬಿಟ್ಟ. ಮುಂದೆ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಅನಸುಬಾಯಿ ಮಾತ್ರ ಅದೇ ರೈಲಿಗೆ ಹೋಗಿ, ಅದೇ ಯಂತ್ರದಲ್ಲಿ, ತಮ್ಮನ ಹೆಸರಿಲ್ಲದ ಹಾಜರಿಯನ್ನು ವಾರವಾರವೂ ಹೊಡೆದಳು.

ಊಟಕ್ಕೆ ಕುಳಿತಾಗ ಅಂಬಾರಾಯ ಒಮ್ಮೊಮ್ಮೆ ನಕ್ಕು ಕೇಳುತ್ತಿದ್ದ: “ಅಕ್ಕಾ, ಬೊಂಬೈದವ್ರಿಗಿ ನಾ ಎಷ್ಟ್ ಮಂದಿ ಇದ್ದೀನಂತ ಹೇಳಿದ್ದಿ?”

ಅವಳು ರೊಟ್ಟಿ ಮುರಿದು ಅವನ ತಾಟಿಗೆ ಹಾಕುತ್ತಿದ್ದಳು. ಅಂದು ಫೋನಿನ ಗರಗರದಲ್ಲಿ ಕೇಳಿಸಲಿ ಎಂದು ಗಟ್ಟಿಯಾಗಿ, ಎರಡು ಸಲ ಹೇಳಿದ್ದಳು: “ಒಂದು. ಒಂದು.”