ಪೆನ್ಸಿಲಿನ್‌ಗೂ ಬೇವಿಗೂ ಬಗ್ಗದ ಹುಣ್ಣು

ಮೊದಲು ಕಂಡದ್ದು ಒಂದು ಗುಳ್ಳೆ. ನನ್ನ ಯಜಮಾನರ ಬಲಗೈ ಹೆಬ್ಬೆರಳಿನಲ್ಲಿ. ದಿನವಿಡೀ ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವವರಿಗೆ ಒಂದು ಗುಳ್ಳೆ ಯಾವ ಲೆಕ್ಕ? ವಾರ ಕಳೆಯುವುದರೊಳಗೆ ಅಂಗೈ ಊದಿ ಕೀವು ತುಂಬಿತು.

ಶಿಡ್ಲಘಟ್ಟದಲ್ಲಿ ಡಾಕ್ಟರು ಪೆನ್ಸಿಲಿನ್ ಇಂಜೆಕ್ಷನ್ ಕೊಟ್ಟರು. ಪೆನ್ಸಿಲಿನ್ ಎಂದರೆ ನಮ್ಮೂರು ಮೇಲೂರಿನಲ್ಲಿ ಜನ ಕೈ ಮುಗಿಯುತ್ತಾರೆ. ನಾನೂ ಮುಗಿದೆ. ಬಾವು ಮಾತ್ರ ಮಣಿಕಟ್ಟು ದಾಟಿತು. ಕೀವನ್ನು ಪರೀಕ್ಷೆಗೆಂದು ಬೆಂಗಳೂರಿಗೆ ಕಳಿಸಿದರು.

"ಈ ಕ್ರಿಮಿ ಪೆನ್ಸಿಲಿನ್‌ಗೆ ಸಾಯೋದಿಲ್ಲಮ್ಮ," ಎಂದರು ಡಾಕ್ಟರು. "ಅಲ್ಲಿ ಗಾಜಿನ ಪ್ಲೇಟಲ್ಲಿ ಬೇವಿನ ರಸ ಬಿಟ್ಟು ನೋಡಿದ್ದಾರೆ. ಅದಕ್ಕೆ ಸತ್ತಿದೆ. ಆದರೆ ಪ್ಲೇಟೇ ಬೇರೆ, ಕೈಯೇ ಬೇರೆ. ಕಟ್ಟಿ ನೋಡಿ. ಇಳೀದಿದ್ರೆ ಕೈ ತೆಗೀಬೇಕಾಗುತ್ತೆ."

ಕೈ ತೆಗೆಯಬೇಕಾಗುತ್ತದೆ.

ಬೇವಿಗೇನು ಬರ, ಊರ ತುಂಬ ಇದೆ. ಆದರೆ ನಮ್ಮದು ಒಂದೇ ಕೋಣೆಯ ಮನೆ, ಅದರ ತುಂಬ ರೇಷ್ಮೆ ಹುಳ. ನಾಲ್ಕನೇ ಜ್ವರ ಎದ್ದು, ಎಂದರೆ ಕೊನೆಯ ಸಲ ಪೊರೆ ಬಿಟ್ಟು, ಇನ್ನೇನು ಗೂಡು ಕಟ್ಟುವ ಹುಳ. ಬೇವಿನ ವಾಸನೆ ತಗುಲಿದರೆ ಅವು ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ. ಅಕ್ಕಪಕ್ಕದ ಮನೆಗಳಲ್ಲೂ ಹುಳವೇ. ಬೇವು ಕಟ್ಟಿಕೊಂಡವರನ್ನು ಯಾರು ಒಳಗೆ ಸೇರಿಸುತ್ತಾರೆ?

ಹುಳಕ್ಕೆ ಆಗದೆಂದು ಮನೆಯಲ್ಲಿ ಒಗ್ಗರಣೆಯನ್ನೇ ನಿಲ್ಲಿಸಿದ್ದವರು ನಮ್ಮತ್ತೆ. ಅವರೇ ತಟ್ಟೆಗಳನ್ನು ಹೊತ್ತು ಹುಳವನ್ನೆಲ್ಲ ತಿಪ್ಪೆಗೆ ಸುರಿದು ಬಂದರು.

"ಪೋನೀ, ಹೋಗ್ಲಿ ಬಿಡೇ," ಎಂದರು. "ಹುಳ ಇನ್ನೊಂದು ಸಲ ಸಾಕ್ಬೋದು. ಮಗನ ಕೈ ಇನ್ನೊಂದು ತರಕ್ಕಾಗ್ತದಾ?"

ನನಗೆ ಅಳು ತಡೆಯಲಾಗಲಿಲ್ಲ. ಇಬ್ಬರೂ ಕೂತು ಬೇವಿನ ಸೊಪ್ಪು ಅರೆದೆವು, ಹಿಂಡಿದೆವು, ಕಟ್ಟಿದೆವು. ನಮ್ಮ ಕೈಯಿಂದ ಮುದ್ದೆಯೂ ಕಹಿಯಾಯಿತು. ಒಂದು ಬೆಳಿಗ್ಗೆ ಬಟ್ಟೆ ಬಿಚ್ಚಿದಾಗ ಕೀವು ಕಡಿಮೆಯಾದ ಹಾಗೆ ಕಂಡಿತು. ಸಂಜೆಗೆ ಮೊಣಕೈ ಕೆಂಪಾಗಿತ್ತು.

ಪ್ಲೇಟಿನಲ್ಲಿ ಸತ್ತ ಕ್ರಿಮಿ ಇವರ ಕೈಯಲ್ಲಿ ಸಾಯಲಿಲ್ಲ.

ಬೇವನ್ನು ಬೈಯಲೇ, ಕಾಲ ಮಿಂಚಿತ್ತು ಎನ್ನಲೇ? ಹೊರಗೆ ಸವರಿದ್ದು ಒಳಗಿನ ಬೇರಿಗೆ ಮುಟ್ಟಲಿಲ್ಲ ಎಂದರು ಡಾಕ್ಟರು. ಮುಂದೆ ಯಾರಾದರೂ ಆ ರಸ ರಕ್ತಕ್ಕೆ ಇಳಿಯುವ ಹಾಗೆ ಮಾಡಿಯಾರು. ಆ ಪುಣ್ಯ ನಮ್ಮ ಪಾಲಿಗೆ ಇರಲಿಲ್ಲ.

ಆಪರೇಷನ್ ಆಯಿತು. ಮೊಣಕೈಗಿಂತ ಮೇಲೆ ಕತ್ತರಿಸಿ ಕೈ ತೆಗೆದರು.

ಜೀವ ಉಳಿಯಿತಲ್ಲ, ಸಾಕು ಎಂದು ಹೇಳಿಕೊಳ್ಳುತ್ತೇನೆ. ಎಷ್ಟೋ ಹೊತ್ತು ಸಾಕು ಎನ್ನಿಸುವುದಿಲ್ಲ.

ಮನೆಗೆ ಬಂದ ದಿನ ಇವರು ಊಟ ಮುಟ್ಟದೆ ಕೂತರು. ತಿನ್ನಿಸಲು ಹೋದರೆ ಮುಖ ತಿರುಗಿಸಿದರು. ಎಡಗೈಯಲ್ಲಿ ಅನ್ನ ಮುಟ್ಟಿದರೆ ಮೊಮ್ಮಕ್ಕಳ ಬೆನ್ನಿಗೆ ಗುದ್ದುವ ನಮ್ಮತ್ತೆ ಪಕ್ಕದಲ್ಲಿ ಬಂದು ಕೂತರು. ತಮ್ಮ ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು. ಎಡಗೈಯಲ್ಲಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದರು.

"ತಿನ್ನಪ್ಪ," ಎಂದರು.

ಇವರು ಎಡಗೈ ಚಾಚಿದರು.